ತಯಾರಾಗುವ ಮೊದಲೇ ಕೆಟ್ಟ ಮಶೀನು

ಇನ್ನೂ ತಯಾರೇ ಆಗದ ಮಶೀನು ಹೇಗೆ ಕೆಡುತ್ತದೆ ಅಂತ ನಿಮ್ಮನ್ನು ಯಾರಾದರೂ ಕೇಳಿದ್ದಾರಾ? ಕಳೆದ ಭಾನುವಾರ ನನ್ನ ನಾದಿನಿ ವಿದ್ಯಾ ಕೇಳಿಬಿಟ್ಟಳು.

ವಿದ್ಯಾ ವೈದ್ಯಕೀಯ ಉಪಕರಣಗಳನ್ನು ಡಿಸೈನ್ ಮಾಡುವ ಎಂಜಿನಿಯರ್. ಚಾಮರಾಜಪೇಟೆಯ ನಮ್ಮ ಮನೆಗೆ ಬಂದವಳೇ ಬ್ಯಾಗಿನಿಂದ ಥರ್ಮಾಕೋಲ್ ಡಬ್ಬಿಯೊಂದನ್ನು ತೆಗೆದಳು. ಉಬ್ಬಸದವರಿಗೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್‌ನ ಮಾದರಿಯಂತೆ. (ಒಳಗೆ ಮೋಟಾರಿಲ್ಲ, ವೈರಿಲ್ಲ, ಏನೂ ಇಲ್ಲ!)

"ಇದು ಹೇಗೆಲ್ಲಾ ಕೆಡಬಹುದು ಹೇಳಿ ಅತ್ತಿಗೆ."

"ಮೊದಲು ಮಾಡಮ್ಮಾ. ಆಮೇಲೆ ಕೆಡಲಿ."

"ಪ್ಲಾಸ್ಟಿಕ್ ಅಚ್ಚು ಹಾಕಿಸಿದ್ಮೇಲೆ ಏನೂ ಬದಲಾಯ್ಸಕ್ಕಾಗಲ್ಲ ಅತ್ತಿಗೆ. 'ಹೀಗೆ ಮಾಡ್ಬೇಡಿ' ಅಂತ ಸ್ಟಿಕ್ಕರ್ ಅಂಟಿಸ್ಬೋದು, ಅಷ್ಟೇ."

ನನಗೆ ಅರ್ಥವಾಗಲಿಲ್ಲ. ನಿಮಗಾಯಿತಾ?

ಉಬ್ಬಸ ಇರುವುದು ನಮ್ಮತ್ತೆಗೆ. ಹೋದ ತಿಂಗಳು ಅವರು ಉಸಿರಿಗೆ ಒದ್ದಾಡುತ್ತಿರುವಾಗಲೇ ಮನೆಯ ನೆಬುಲೈಸರ್ ನಿಂತುಹೋಗಿತ್ತು. ಆಟೋದಲ್ಲಿ ಅವರನ್ನು ಅಪ್ಪಿ ಹಿಡಿದು ಆಸ್ಪತ್ರೆಗೆ ಓಡಿದೆ. ದಾರಿಯುದ್ದಕ್ಕೂ ಆ ಮಶೀನು ಮಾಡಿದವರಿಗೆ ಶಾಪ ಹಾಕಿದೆ. ಮೋಟಾರ್ ಸುಟ್ಟಿದೆ ಅಂತ ಆಮೇಲೆ ಗೊತ್ತಾಯಿತು. ಯಾಕೆ ಸುಟ್ಟಿತು ಅಂತ ಗೊತ್ತಾಗಲಿಲ್ಲ.

ವಿದ್ಯಾ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟಳು. "ಅಮ್ಮಾ, ಈಗ ಉಬ್ಬಸ ಬಂದಿದೆ ಅಂದ್ಕೋ. ಇದನ್ನ ಹೇಗೆ ಇಟ್ಕೋತೀಯ?"

ಅತ್ತೆ ಅದನ್ನು ಮಂಚದ ಮೇಲೆ ಪಕ್ಕದಲ್ಲಿಟ್ಟುಕೊಂಡರು. ದಪ್ಪ ಟವೆಲೊಂದನ್ನು ಮಡಿಸಿ ಮೇಲೆ ಹೊದಿಸಿದರು.

"ಅಯ್ಯೋ, ಟವೆಲ್ ಯಾಕಮ್ಮಾ?"

"ಎಷ್ಟು ಗಲಾಟೆ ಮಾಡತ್ತೆ ಗೊತ್ತಾ? ಎದೆ ಇನ್ನೂ ಡವಡವ ಅನ್ನತ್ತೆ. ಮುಚ್ಚಿದ್ರೆ ಸ್ವಲ್ಪ ವಾಸಿ."

"ಹಳೇದಕ್ಕೂ ಹೀಗೇ ಮುಚ್ತಿದ್ಯಾ?"

"ಹೂಂ, ಯಾವಾಗ್ಲೂ."

ವಿದ್ಯಾ ಟವೆಲ್ ಸರಿಸಿ ತೋರಿಸಿದಳು. ಗಾಳಿಯ ಕಿಂಡಿಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಮೇಲ್ಭಾಗದಲ್ಲೇ. ಅವು ಮುಚ್ಚಿದರೆ ಮೋಟಾರ್ ಬಿಸಿಯಾಗಿ ಸುಡುತ್ತದೆ. ಹಳೆಯದರಲ್ಲೂ ಕಿಂಡಿ ಅಲ್ಲೇ ಇತ್ತು.

ಅತ್ತೆಯ ಮುಖ ಚಿಕ್ಕದಾಯಿತು. "ಹಾಗಾದ್ರೆ ನಾನೇ ಕೆಡಿಸಿದ್ನೇನೇ?"

"ಇಲ್ಲಮ್ಮಾ. ನೀನು ಮುಚ್ತೀಯ ಅಂತ ಮಾಡೋರು ಮೊದಲೇ ಯೋಚಿಸ್ಬೇಕಿತ್ತು. ನಾನೂ ಯೋಚಿಸಿರ್ಲಿಲ್ಲ ನೋಡು."

ಸೋಮವಾರ ಅವಳ ಆಫೀಸಿನಲ್ಲಿ ಜಗಳವೋ ಜಗಳ. 'ಮುಚ್ಚಬೇಡಿ' ಅಂತ ಮ್ಯಾನ್ಯುಯಲ್‌ನಲ್ಲಿ ಬರೆದರೆ ಸಾಕು ಅಂದರಂತೆ ಬಾಸು. "ಉಸಿರು ಕಟ್ಟಿದಾಗ ಯಾರು ಸಾರ್ ಮ್ಯಾನ್ಯುಯಲ್ ಓದ್ತಾರೆ?" ಅಂದಳಂತೆ ಇವಳು. ಕೊನೆಗೆ ಅಚ್ಚಿನ ಕೆಲಸ ಮುಂದಕ್ಕೆ ಹೋಯಿತು. ಡ್ರಾಯಿಂಗಿನಲ್ಲಿ ಕಿಂಡಿಗಳು ಪಕ್ಕಕ್ಕೆ ಬಂದವು. ಸದ್ದು ತಗ್ಗಿಸಲು ಮೋಟಾರಿನ ಕೆಳಗೆ ರಬ್ಬರೂ ಬಂತು.

ಅತ್ತೆ ಈಗ ನಿರಾಳ. ತಲೆ ಕೆಟ್ಟಿರುವುದು ನನಗೆ. ಪಕ್ಕದ ಕಿಂಡಿಗೆ ನಾಳೆ ಯಾರೋ ದಿಂಬು ಒರಗಿಸಿದರೆ? ಇನ್ಯಾರೋ ಗೋಡೆಗೆ ತಾಗಿಸಿಟ್ಟರೆ? ತಪ್ಪು ಯಾರದು, ಇಟ್ಟವರದಾ, ಮಾಡಿದವರದಾ?

ನಾವು ಏನೇನು ಮಾಡಬಲ್ಲೆವು ಅಂತ ನಮಗೇ ಗೊತ್ತಿಲ್ಲದಿರುವಾಗ, ಪಾಪ, ಆ ಎಂಜಿನಿಯರಿಗೆ ಹೇಗೆ ಗೊತ್ತಾಗಬೇಕು?