ಪಚ್ಚೆತೆನೆ ಕಿತ್ತು ಗುಲಾಬಿ ನೆಟ್ಟದ್ದು

ನಮ್ಮ ಹಿತ್ತಿಲಿಗೆ ಬಂದವರೆಲ್ಲ ಒಂದು ಮಾತು ಹೇಳದೆ ಹೋಗುವುದಿಲ್ಲ: ಇಷ್ಟು ಒಳ್ಳೆಯ ಗುಲಾಬಿಯನ್ನು ಇಂಥ ಸಂತೆಯಲ್ಲಿ ಏಕೆ ನಿಲ್ಲಿಸಿದ್ದೀರಿ ಎಂದು. ಅವರು ಹೇಳುವುದೂ ಸುಳ್ಳಲ್ಲ. ಪಡುವಲಿಗೆ ನಂದಿಬಟ್ಟಲು, ಬೇಲಿಗೆ ಕಣಗಿಲೆ, ಕಾಲಡಿಯಲ್ಲಿ ಕನಕಾಂಬರ, ಮರುಗ, ಸಂದಿಯಲ್ಲೆಲ್ಲ ಪಚ್ಚೆತೆನೆ. ಇವುಗಳ ನಡುವೆ ಗುಲಾಬಿ, ತುಂಬಿದ ಮನೆಗೆ ಬಂದ ಹೊಸ ಸೊಸೆಯ ಹಾಗೆ ಒಂದಿಷ್ಟು ಜಾಗ ಮಾಡಿಕೊಂಡು ನಿಂತಿದೆ. ನಾನು ನಕ್ಕು ಮಾತು ತಿರುಗಿಸುತ್ತೇನೆ. ನಿಮಗಾದರೆ ನಿಜ ಹೇಳಬಹುದು. ಈ ಸಂತೆಯನ್ನು ಒಮ್ಮೆ ಎತ್ತಂಗಡಿ ಮಾಡಲು ಹೊರಟವನು ನಾನೇ. ಆ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಆಗ ನಾನು ತಿರುಮಕೂಡಲು ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸರ್ಕಾರಿ ಕೆಲಸದ ಮೇಲೆ ಮೈಸೂರಿಗೆ ಹೋದಾಗ ಯಾರೋ ಬಿಳಿ ದೊರೆಯ ಬಂಗಲೆಯ ಮುಂದೆ ಗುಲಾಬಿಯ ಮಡಿ ಕಂಡೆ. ಹದ ಮಾಡಿದ ಕೆಂಪು ಮಣ್ಣು, ಅಳೆದು ನೆಟ್ಟ ಗಿಡಗಳು, ನಡುವೆ ಒಂದು ಹುಲ್ಲುಕಡ್ಡಿಯೂ ಇಲ್ಲ. ದಿನವಿಡೀ ಕಡತ ಜೋಡಿಸುವವನಿಗೆ ಆ ಶಿಸ್ತು ಹಿಡಿಸಿಬಿಟ್ಟಿತು. ಕಸಿ ಮಾಡಿದ ನಾಲ್ಕು ಸಸಿ ಕೊಂಡು, ಎತ್ತಿನ ಗಾಡಿಯಲ್ಲಿ ಎರಡನ್ನು ತೊಡೆಯ ಮೇಲೆ, ಎರಡನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಊರು ಸೇರಿದೆ. "ಅದ್ರ ಬದ್ಲು ರಸಬಾಳೆ ಕಂದು ತಂದಿದ್ರೆ ಗೊನೆಯಾದ್ರೂ ಬುಡ್ತಿತ್ತಲ್ಲ ಸಾ" ಎಂದು ಗಾಡಿಯವನು ದಾರಿಯುದ್ದಕ್ಕೂ ಮರುಗಿದ.

ಗುಲಾಬಿ ಎಂಬ ಹೆಸರು ಪಾರಸಿಯಿಂದ ಬಂದದ್ದಂತೆ. ನಮ್ಮ ಕಚೇರಿಯ ಶಿರಸ್ತೇದಾರ, ಜಮಾಬಂದಿ, ಖರಾಬು ಇವೆಲ್ಲ ಬಂದದ್ದೂ ಆ ಕಡೆಯಿಂದಲೇ. ಅದಕ್ಕೋ ಏನೋ, ಅದನ್ನು ನಾನು ಕಚೇರಿಯ ಕ್ರಮದಲ್ಲೇ ಬರಮಾಡಿಕೊಂಡೆ. ಮೊದಲು ಜಮೀನು ಅಳೆಯುವ ಹಾಗೆ ಹಿತ್ತಿಲಿನ ಮೋಜಣಿ ಆಯಿತು. ಯಾವ ಗಿಡ ಹೂ ಕೊಡುತ್ತದೆ, ಯಾವುದು ಸುಮ್ಮನೆ ಜಾಗ ತಿನ್ನುತ್ತಿದೆ ಎಂದು ಒಂದೊಂದನ್ನೂ ನೋಡಿದೆ. ಗುಲಾಬಿಗೆಂದು ಆರಿಸಿದ ಜಾಗದ ನಟ್ಟನಡುವೆ ಒಂದು ಪಚ್ಚೆತೆನೆ ಸೊಂಪಾಗಿ ಹಬ್ಬಿಕೊಂಡಿತ್ತು. ಮೂರು ವರ್ಷದಲ್ಲಿ ಅದು ಒಂದು ಹೂ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಸಾಗುವಳಿಗೆ ಬಾರದ ಜಮೀನನ್ನು ಖರಾಬು ಎಂದು ಬರೆಯುವ ಕೈ ಇದು. ಗಿಡವನ್ನೂ ಖರಾಬು ಎಂದು ತೀರ್ಮಾನಿಸಿ, ಬುಡಸಮೇತ ಕಿತ್ತು ತಿಪ್ಪೆಗೆ ಎಸೆದು, ಆ ಜಾಗವನ್ನೆಲ್ಲ ಬೋಳು ಮಡಿ ಮಾಡಿ ನಾಲ್ಕು ಗುಲಾಬಿಯನ್ನೂ ನೆಟ್ಟೆ.

ಪಚ್ಚೆತೆನೆಯನ್ನು ಬೆಳೆಸುವುದೇ ಎಲೆಗಾಗಿ, ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಘಮ್ಮೆನ್ನುವುದು ಅದೇ ಎಂಬುದು ನನಗೆ ಗೊತ್ತಿರಲಿಲ್ಲ. ದಿನವೂ ಲಿಂಗಪೂಜೆಗೆ ಕೂರುತ್ತಿದ್ದೆ, ತಟ್ಟೆಯಲ್ಲಿ ಆ ಎಲೆ ಇರುತ್ತಿತ್ತು. ತಟ್ಟೆಗೆ ಬಂದದ್ದು ಗೊತ್ತು, ಎಲ್ಲಿಂದ ಬಂತೆಂದು ಕೇಳಿದವನಲ್ಲ. ಗಂಡಸರ ಸಸ್ಯಶಾಸ್ತ್ರ ಬಹುಮಟ್ಟಿಗೆ ಇಷ್ಟೇ.

ಹೇಳಬೇಕಾದವಳು, ನನ್ನ ಹೆಂಡತಿ ನಂಜಮ್ಮ, ಊರಲ್ಲಿರಲಿಲ್ಲ. ಹೆಡತಲೆ ಎಂಬ ಊರು ಅವಳ ತೌರು. ಹಿಂದಿನ ವರ್ಷ ಅವಳ ತಾಯಿ ತೀರಿಕೊಂಡಿದ್ದರಿಂದ ತಂಗಿಯ ಬಾಣಂತನಕ್ಕೆ ಇವಳೇ ಹೋಗಬೇಕಾಗಿತ್ತು. ನಾನು ಗಿಡ ಕಿತ್ತು ನಾಲ್ಕು ದಿನ ಕಳೆದ ಮೇಲೆ ನೆರೆಮನೆಯ ಹಿರಿಯರು ಚೆನ್ನಾಜಮ್ಮ ಬೇಲಿಯಾಚೆ ನಿಂತು ಕೇಳಿದರು.

"ಇಲ್ಲಿದ್ದ ಪಚ್ಚೆತೆನೆ ಎಲ್ಲೋಯ್ತಪ್ಪ?"

"ಕಿತ್ತು ಹಾಕಿದೆ. ಹೂ ಬಿಡ್ತಿರಲಿಲ್ಲ."

ಆಕೆ ಸೆರಗನ್ನು ಬಾಯಿಗಿಟ್ಟುಕೊಂಡರು. "ಅದು ನಂಜಿಯವ್ವ ಬಂದಾಗ ಕೈಯಾರೆ ನೆಟ್ಟಿದ್ದು ಕಣಪ್ಪ. ಅವ್ವ ತೀರೋದ್ಮೇಲೆ ನಂಜಿ ಅದ್ರ ಮುಂದೆ ಕುಂತ್ಕಂಡು ಮಾತಾಡೋಳು. ತೌರಲ್ಲಿದ್ದ ಗಿಡಾನೂ ನೀರಿಲ್ದೆ ಒಣಗೋಯ್ತು ಅಂತ ಎಷ್ಟು ಅತ್ತಿದ್ಲು."

ತಿಪ್ಪೆಗೆ ಓಡಿ ನೋಡಿದರೆ ಬೇಸಿಗೆಯ ಬಿಸಿಲಿಗೆ ಗಿಡ ಸುರುಟಿ ಪುಡಿಯಾಗಿತ್ತು. ಹೆಂಡತಿ ಹಿತ್ತಿಲಲ್ಲಿ ಯಾರೊಡನೆ ಮಾತಾಡುತ್ತಾಳೆಂದು ತಿಳಿಯಲು ನನಗೆ ನೆರೆಮನೆಯವರು ಬೇಕಾದರು.

ಪುಣ್ಯಕ್ಕೆ ಚೆನ್ನಾಜಮ್ಮನ ಹಿತ್ತಿಲಲ್ಲಿ ಅದೇ ಗಿಡದ ಮರಿಯೊಂದಿತ್ತು. ಒಂದೆರಡು ಕಡ್ಡಿ ಕೊಡಿ ಎಂದು ಕೈಮುಗಿದು ಕೇಳಿದೆ. ಆಕೆ ಹಣೆ ಚಚ್ಚಿಕೊಂಡರು. ನಮ್ಮ ಕಡೆಯ ಹೆಂಗಸರಲ್ಲಿ ಇದಕ್ಕೊಂದು ಕ್ರಮವಿದೆಯಂತೆ: ಕೇಳಿ ಪಡೆದ ಕಡ್ಡಿ ಚಿಗುರುವುದಿಲ್ಲ, ಕದ್ದದ್ದೇ ಬೇರು ಬಿಡುವುದು. ಯಾರಾದರೂ ಹಿತ್ತಿಲಿಗೆ ಬಂದು ಗಿಡದ ಮುಂದೆ ಸುಮ್ಮನೆ ನಿಂತರೆ, ಮನೆಯವಳು ಏನಾದರೂ ನೆವ ಮಾಡಿಕೊಂಡು ಒಳಗೆ ಹೋಗಿಬಿಡಬೇಕು. ಚೆನ್ನಾಜಮ್ಮನೂ ನಮ್ಮ ಗಿಡದಿಂದ ಹಾಗೆಯೇ ಕದ್ದದ್ದು. ನಂಜಮ್ಮ ಆಗ ಅರಿಶಿನ ಕುಂಕುಮ ತರಲು ಒಳಗೆ ಹೋಗಿ, ಬೇಕೆಂದೇ ತಡಮಾಡಿದ್ದಳಂತೆ.

"ಕೇಳ್ಬುಟ್ಯಲ್ಲಪ್ಪ, ಇವತ್ತು ಆಗಕಿಲ್ಲ. ನಾಡಿದ್ದು ಬಾ. ಬಂದು ಮಜ್ಜಿಗೆ ಕೇಳು," ಎಂದರು.

ಕದಿಯುವುದಕ್ಕೆ ಹೀಗೆ ಮುಂಚಿತವಾಗಿ ದಿನ ಗೊತ್ತು ಮಾಡಿಕೊಂಡ ಕಳ್ಳ ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಮೂರನೆಯ ದಿನ ಕಚೇರಿಗೆ ಹೊರಡುವ ಮೊದಲು ಹೋಗಿ ಮಜ್ಜಿಗೆ ಕೇಳಿದೆ. ಆಕೆ ಒಳಗೆ ಹೋದವರು ಬೆಣ್ಣೆ ಕಡೆದು ತರುವಷ್ಟು ಹೊತ್ತು ಮಾಡಿದರು. ಅಷ್ಟರಲ್ಲಿ ನಾನು ಮೂರು ಕಡ್ಡಿ ಮುರಿದುಕೊಂಡೆ. ಹೊತ್ತಾಗಿದ್ದರಿಂದ ಅವನ್ನು ಪೇಟದೊಳಗೆ ಸಿಕ್ಕಿಸಿಕೊಂಡೇ ಕಚೇರಿಗೆ ಓಡಿದೆ. ಕಚೇರಿಯ ಹಿರಿಯ ಅಧಿಕಾರಿ ಅಮಲ್ದಾರರು ತಲೆಯೆತ್ತಿ ಮೂಗರಳಿಸಿ, "ಏನಯ್ಯ, ಮದುವೆ ಮನೆಯಿಂದ ಎದ್ದು ಬಂದ ಹಾಗಿದ್ದೀಯೆ," ಎಂದರು. ಹೌದು ಸ್ವಾಮಿ ಎಂದೆ. ಕಳ್ಳತನದ ಹಿಂದೆಯೇ ಸುಳ್ಳೂ ಆಯಿತು.

ಕಡ್ಡಿಗಳನ್ನು ಒಂದು ಒಡಕು ಮಡಕೆಯಲ್ಲಿ ನೆಟ್ಟು, ದಿನಕ್ಕೆ ನಾಲ್ಕು ಸಲ ನೋಡಿದೆ. ಒಂದು ಬಾಡಿತು, ಎರಡು ಚಿಗುರಿದವು. ಅತ್ತ ಗುಲಾಬಿಗಳನ್ನು ನೋಡಲು ಪುರಸೊತ್ತಾಗಲಿಲ್ಲ. ಬೋಳು ಮಡಿಯಲ್ಲಿ ಬುಡಕ್ಕೆ ನೆರಳಿಲ್ಲದೆ ಮಣ್ಣು ಕಾದು ಎರಡು ಸತ್ತವು, ಉಳಿದ ಎರಡರ ಎಲೆ ಸುಟ್ಟು ಕರಿಕಾಯಿತು.

ನಂಜಮ್ಮ ಮೂರನೆಯ ತಿಂಗಳು ಬಂದಳು. ಗಾಡಿ ಇಳಿದವಳು ಕಾಲು ತೊಳೆದು ನೇರ ಹಿತ್ತಿಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಖಾಲಿ ಜಾಗ ನೋಡಿದಳು, ಮಡಕೆ ನೋಡಿದಳು.

"ಅವ್ವನ ಗಿಡ ಎಲ್ಲಿ?"

"ನಾನೇ ಕಿತ್ತೆ. ಗೊತ್ತಿರಲಿಲ್ಲ. ತಪ್ಪಾಯ್ತು ನಂಜಮ್ಮ. ಇದು ಅದರದೇ ಮರಿ, ಚೆನ್ನಾಜಮ್ಮಾರ ಮನೆಯಿಂದ ಕದ್ದು ತಂದೆ."

ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದು ಎಲೆ ಹೊಸಕಿ ಮೂಗಿಗೆ ಹಿಡಿದಳು. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ. "ಅವ್ವ ಮುಟ್ಟಿದ ಬೇರು ಓಯ್ತು," ಎಂದಳು. ಎಲೆಯನ್ನು ಇನ್ನೊಮ್ಮೆ ಮೂಸಿ, "ವಾಸ್ನೆ ಮಾತ್ರ ಅವ್ವಂದೇ," ಎಂದಳು.

ಆಮೇಲೆ ಮೂಗು ಒರೆಸಿಕೊಂಡು ಗುಲಾಬಿಯ ಕಡೆ ತಿರುಗಿದಳು. "ಅದ್ಯಾಕೆ ಪಾಪ, ಬಿಸ್ಲಲ್ಲಿ ಅಂಗೆ ಒಂಟಿಯಾಗಿ ನಿಲ್ಲಿಸಿದ್ದೀರಿ?"

ನಾನು ಗುದ್ದಲಿ ಎತ್ತಿಕೊಂಡೆ. ಅಭ್ಯಾಸಬಲದಿಂದ ಜಾಗವನ್ನೂ ನಾನೇ ತೀರ್ಮಾನಿಸಿ ಕೈ ಎತ್ತಿದವನು, ಮತ್ತೆ ಇಳಿಸಿ, "ಎಲ್ಲಿ ಅಗೀಲಿ?" ಎಂದೆ. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಗುಲಾಬಿಯ ಬುಡಕ್ಕೆ ನೆರಳಾಗಲು ಇಲ್ಲಿ ಪಚ್ಚೆತೆನೆ, ಅಲ್ಲಿ ಮರುಗ ಎಂದು ಅವಳು ಹೇಳತೊಡಗಿದಳು, ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಅಗೆಸಿದಳು.