ಚುರ್ ಅನ್ನದ ಕೈ

ಸೋಮನಿಂಗನ ಬಲಗೈಯ ಕೊನೆಯ ಎರಡು ಬೆರಳು ಮಡಚಿಕೊಂಡು ಆರು ತಿಂಗಳಾಗಿತ್ತು. ಕುರಿಯ ಉಣ್ಣೆ ಕತ್ತರಿಸುವುದು ಅವನ ಕಸುಬು. ದೇವರ ಹಿಪ್ಪರಗಿಯ ಸುತ್ತಮುತ್ತ ಯಾರ ಹಿಂಡಿನ ಉಣ್ಣೆ ಇಳಿಸಬೇಕಾದರೂ ಅವನಿಗೇ ಕರೆ ಬರುತ್ತಿತ್ತು. ಕಳೆದ ಸಲ ಕತ್ತರಿ ಜಾರಿ ಒಂದು ಕುರಿಯ ಹೊಟ್ಟೆ ಸೀಳಿತು. ಆಮೇಲೆ ಯಾರೂ ಕರೆಯಲಿಲ್ಲ. ಬೆರಳು ನೆಟ್ಟಗಾದರೆ ಕಸುಬು ಉಂಟು, ಇಲ್ಲದಿದ್ದರೆ ಇಲ್ಲ.

ಅವನ ಮನೆತನದವರು ಬರೆ ಹಾಕುವವರೂ ಹೌದು. ಮನುಷ್ಯರಿಗಾಗಲಿ ಕುರಿಗಾಗಲಿ ಬೇನೆ ಬಂದರೆ ಕಬ್ಬಿಣದ ಕಡ್ಡಿ ಕಾಯಿಸಿ ಒತ್ತುತ್ತಿದ್ದರು. ಎರಡು ವರ್ಷದ ಹಿಂದೆ ಮಗಳು ಭಾಗ್ಯಾಗೆ ಕಾಮಾಲೆಯಾಯಿತು. ಹನ್ನೊಂದು ವರ್ಷದ ಹುಡುಗಿ, ಕಡ್ಡಿ ನೋಡಿ ಚೀರಿದಳು. ಸೋಮನಿಂಗ ಅದನ್ನು ಮೊದಲು ತನ್ನ ಬಲಗೈಗೇ ಒತ್ತಿಕೊಂಡು ತೋರಿಸಿದ. ಚರ್ಮ ಸುಟ್ಟು ಹೊಗೆ ಎದ್ದಿತು. ಅವನು ನಗುತ್ತಲೇ ಇದ್ದ.

"ನೋಡು, ಏನೂ ಆಗಂಗಿಲ್ಲ. ನನ್ನ ಮಗಳಾಗಿ ಅಳತಿ?"

ಆಮೇಲೆ ಅವಳ ಮಣಿಕಟ್ಟಿಗೆ ಒತ್ತಿದ. ಅವಳ ಕೂಗು ಆಚೆ ಓಣಿಗೆ ಕೇಳಿತು. ಊರವರು ಮಾತ್ರ ಅಪ್ಪನ ಎದೆಗಾರಿಕೆಯನ್ನೇ ಬಹಳ ದಿನ ಆಡಿಕೊಂಡರು.

ಬೆರಳು ಮಡಚಿದಾಗಲೂ ಅವನು ಮೊದಲು ಮಾಡಿದ್ದು ಅದೇ, ಮುಂಗೈಗೆ ಇನ್ನೆರಡು ಬರೆ. ಏನೂ ಗುಣ ಕಾಣಲಿಲ್ಲ. ಕೊನೆಗೆ ಹೆಂಡತಿ ರೇವವ್ವ ಹಟ ಹಿಡಿದು ಬಸವನ ಬಾಗೇವಾಡಿಗೆ ಕರೆತಂದಳು. ಅಲ್ಲಿ ಡಾಕ್ಟರ್ ಯಾಸ್ಮಿನ ಅಕ್ಯುಪಂಕ್ಚರ್ ಸೂಜಿ ಚುಚ್ಚಿ ನೋವು ತೆಗೆಯುತ್ತಾರೆಂದು ಯಾರೋ ಹೇಳಿದ್ದರು.

ಯಾಸ್ಮಿನ ಮೊದಲು ಹಸಿವು, ನಿದ್ದೆ ಎಲ್ಲ ಕೇಳಿದರು. ಎರಡೂ ಕೈಯ ನಾಡಿ ಹಿಡಿದು ಸುಮ್ಮನೆ ಕೂತರು. ನಾಲಿಗೆ ಚಾಚಿ ಅಂದರು.

"ಕೈ ಬ್ಯಾನಿಗೆ ನಾಲಿಗಿ ಯಾಕ್ರಿ ಡಾಕ್ಟರ್ ಬಾಯಾರ?"

"ನಿಮ್ಮ ಬಾಯಾಗಿಂದ ಮಾತ ಬರವಲ್ದು ಕಾಕಾ. ನಾಲಿಗಿ ಆದ್ರೂ ಏನರ ಹೇಳ್ಲಿ."

ಪಕ್ಕದ ಮಂಚದಲ್ಲಿ ಮುದುಕ ಚಮನಸಾಬ ಮೊಣಕಾಲ ತುಂಬ ಸೂಜಿ ನೆಡಿಸಿಕೊಂಡು ಮಲಗಿದ್ದ.

"ಅಂಜಬ್ಯಾಡೋ ತಮ್ಮಾ. ಇರಿವಿ ಕಡದಂಗ ಆಗ್ತೈತಿ, ಆಮ್ಯಾಲ ಭಾರ ಅನಸ್ತೈತಿ. ಇಪ್ಪತ್ತು ಮಿನಿಟ ಮಲಗೂದು, ಅಷ್ಟ. ನಾ ಅಂತೂ ಗೊರಕಿ ಹೊಡಿತೇನಿ."

"ಇವರಿಗೇನ ಅಂಜಿಕಿ ಬಿಡ್ರಿ," ಅಂದಳು ರೇವವ್ವ. "ಕೆಂಡ ಇಟ್ರೂ ಕಿಮಕ್ ಅನ್ನಂಗಿಲ್ಲ."

ಯಾಸ್ಮಿನ ಹೊಸ ಪೊಟ್ಟಣ ಹರಿದರು. ಕೂದಲಿನಷ್ಟು ಸಣ್ಣ ಸೂಜಿ. ಕಾಲಿಗೆ ಒಂದು ಚುಚ್ಚಿದರು. ಚುರ್ ಅಂದಿತು. ಎಡಗೈಗೆ ಒಂದು. ಅದೂ ಚುರ್ ಅಂದು ಭಾರವಾಯಿತು. ಸೋಮನಿಂಗ ಸೂರು ನೋಡುತ್ತಾ ಮಲಗಿದ್ದ.

"ಬಲಗೈಗೆ ಹೆಂಗ ಅನಸ್ತು ಕಾಕಾ?"

"ಚುಚ್ಚರಿ, ಹೇಳತೇನಿ."

"ಆಗಲೇ ಚುಚ್ಚೇನಿ ಕಾಕಾ."

ಅವನು ಕತ್ತು ಹೊರಳಿಸಿದ. ಮುಂಗೈಯಲ್ಲಿ ಸೂಜಿ ನಿಂತಿತ್ತು.

ಯಾಸ್ಮಿನರ ಮುಖದ ನಗೆ ಹೋಯಿತು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ ಕೇಳಿದರು. ಬರೆಗಳ ಸುತ್ತ ಚರ್ಮ ಬಿಳುಚಿತ್ತು, ಅಲ್ಲಿ ಮುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಮೊಣಕೈ ಒಳಗೆ ನರ ಹಗ್ಗದಂತೆ ದಪ್ಪಗಾಗಿತ್ತು. ಅವರು ಸೂಜಿಗಳನ್ನೆಲ್ಲ ಕಿತ್ತರು.

"ಇದು ನನ್ನ ಕೈಯಾಗಿನ ಕೆಲಸ ಅಲ್ಲ ಕಾಕಾ. ಕುಷ್ಠ ಇರಬೇಕು ಅಂತ ಅನುಮಾನ ಐತಿ. ಈಗಿಂದೀಗ ಸರ್ಕಾರಿ ದವಾಖಾನಿಗೆ ಹೋಗ್ರಿ. ಹೌದಂದ್ರ ಗುಳಿಗಿ ಕೊಡ್ತಾರ, ಜಡ್ಡ ನಿಲ್ತೈತಿ. ಮನ್ಯಾಗಿನವರೂ ತೋರಿಸ್ಕೋಬೇಕು."

"ಬೆರಳು?"

"ಭಾಳ ತಡಾ ಮಾಡಿರಿ. ಸುಳ್ಳ ಹೇಳಂಗಿಲ್ಲ."

ಚಮನಸಾಬ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

"ಈ ಕೈಗೆ ಎಂದಿನಿಂದ ಗೊತ್ತಾಗವಲ್ದು?" ಎಂದು ಯಾಸ್ಮಿನ ಕೇಳಿದರು. ಸೋಮನಿಂಗ ಎರಡು ವರ್ಷದ ಹಳೆಯ ಬರೆಯ ಮೇಲೆ ಬೆರಳಿಟ್ಟ.

ಹೊರಗೆ ಬಂದಾಗ ರೇವವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವನು ಅವಳ ಮೊಬೈಲ್ ಇಸಿದುಕೊಂಡು ಎಡಗೈಯಿಂದ ಮಗಳಿಗೆ ಫೋನ್ ಹಚ್ಚಿದ.

"ಭಾಗ್ಯಾ, ಅವತ್ತ ನಾ ಬರಿ ಕೊಟ್ಟಾಗ ಭಾಳ ಉರಿದಿತ್ತೇನವಾ?"

"ಇಲ್ಲಪ್ಪಾ. ನಾನೂ ನಿನ್ನಂಗ ಗಟ್ಟಿ ಅದೇನಿ. ಕೈ ಆರಾಮಾತೇನ?"

"ನಾಳಿಗೆ ನೀನೂ ದವಾಖಾನಿಗೆ ಬರಬೇಕವಾ," ಅಂದ.