ಯಂತ್ರ ಗುರುತಿಸದ ಹದಿನೇಳು ಮಂದಿ

ಮಹ್ಜೂಬ್ ಹುಟ್ಟಾ ಅಳ್ಳೆದೆಯವನು. ಆಸ್ಫಿ ಬಂದರಿನ ಮೀನುಗಾರರ ಮನೆಯಲ್ಲಿ ಹುಟ್ಟಿ ಕಡಲಿಗೆ ಹೆದರುತ್ತಾನೆಂದರೆ ಊರು ಸುಮ್ಮನೆ ಬಿಡುತ್ತದೆಯೇ? ಹತ್ತೊಂಬತ್ತಕ್ಕೆ ಅಪ್ಪ ಅವನನ್ನು ಬೂತಾಯಿ ಮೀನಿನ ದೋಣಿಗೆ ಹತ್ತಿಸಿದ. ಮೂರು ತಿಂಗಳಲ್ಲಿ ಇಳಿದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. "ನನಗೆ ಹುಟ್ಟಬೇಕಾದ್ದು ಮೀನು, ಹುಟ್ಟಿದ್ದು ಕೋಳಿ" ಎಂದು ಅಪ್ಪ ಸಾಯುವವರೆಗೂ ಅನ್ನುತ್ತಿದ್ದ.

ಕಡಲು ಬಿಟ್ಟವನಿಗೆ ಕಡಲ ದಡದಲ್ಲೇ ಕೆಲಸ ಸಿಕ್ಕಿತು. ಬೂತಾಯಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತಿಕೆ. ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು, ಒಳಹೋಗುವ ಹೆಂಗಸರ ಹೆಸರಿನ ಮುಂದೆ ಗೀಟು ಹಾಕುವುದು, ಹೊರಬಂದಾಗ ಇನ್ನೊಂದು ಗೀಟು. ಹಾಗೆ ಮೂವತ್ತೇಳು ವರ್ಷ. ಹೆದರಿಕೆ ಅವನನ್ನು ಒಳ್ಳೆಯ ಗುಮಾಸ್ತನನ್ನಾಗಿ ಮಾಡಿತ್ತು. ತಪ್ಪಿದರೆ ಏನು ಗತಿ ಎಂದು ಪ್ರತಿ ಪುಟವನ್ನೂ ಮೂರು ಸಲ ಎಣಿಸುವವನು. ತಲೆಯೆತ್ತದೆ ಬೂಟಿನ ಸದ್ದಿನಲ್ಲೇ ಬಂದವಳು ಯಾರೆಂದು ಹೇಳಬಲ್ಲವನಾಗಿದ್ದ.

ಆಮೇಲೆ ಆಡಳಿತ ನೋಡಿಕೊಳ್ಳಲು ಕಾಸಾಬ್ಲಾಂಕಾದಿಂದ ವಿಸಾಲ್ ಬಂದಳು. ಮೂವತ್ತರ ಹೆಣ್ಣು, ಚುರುಕು ನಡಿಗೆ, ಚುರುಕು ಮಾತು. ಎರಡೇ ತಿಂಗಳಲ್ಲಿ ಕಾಗದಪತ್ರವೆಲ್ಲ ಕಂಪ್ಯೂಟರಿಗೆ ಹೋಯಿತು. ಒಂದು ಬೆಳಿಗ್ಗೆ ಗಾಜಿನ ಗೂಡಿನ ಗೋಡೆಗೆ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಜಡಿಸಿದಳು.

"ಸೀ ಮಹ್ಜೂಬ್, ಇನ್ಮೇಲೆ ಪುಸ್ತಕ ಬೇಡ. ಬೆರಳು ಒತ್ತಿದ್ರೆ ಸಾಕು. ಯಾರು ಒಳಗಿದಾರೆ, ಯಾರು ಹೊರಗಿದಾರೆ, ಎಲ್ಲಾ ನನ್ನ ಮೇಜಿನ ಮೇಲೇ ಕಾಣತ್ತೆ."

"ಹಾಗಾದ್ರೆ ನಾನು, ಲಾಲ್ಲಾ?" ಎಂದ. ಹಿರಿಯ ಗಂಡಸಿಗೆ ಸೀ, ದೊಡ್ಡ ಹೆಣ್ಣಿಗೆ ಲಾಲ್ಲಾ ಅನ್ನುವುದು ಅಲ್ಲಿಯ ಮರ್ಯಾದೆ.

"ನೀವು ಅದನ್ನ ನೋಡ್ಕೊಳ್ಳಿ. ಇಷ್ಟು ವರ್ಷ ಜನರನ್ನ ನೋಡ್ಕೊಂಡಿದೀರಲ್ಲ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅವನ ಕಿವಿಗೆ ಬಿದ್ದದ್ದು ಬೇರೆಯೇ. ಯಂತ್ರ ಚೆನ್ನಾಗಿ ನಡೆದರೆ ತಾನು ಬೇಡ, ನಡೆಯದಿದ್ದರೆ ನಡೆಸಲು ಬಾರದ ಮುದುಕ. ಎತ್ತ ಹೋದರೂ ಹಳ್ಳ. ಮದುವೆಗೆ ಬಂದ ಮಗಳು ಮನೆಯಲ್ಲಿದ್ದಳು, ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಮೊದಲ ವಾರವೇ ತೊಡಕು ಹುಟ್ಟಿತು. ಬಹಳ ಮಂದಿಯ ಬೆರಳನ್ನು ಪೆಟ್ಟಿಗೆ ಹಸಿರು ದೀಪ ತೋರಿಸಿ ಒಪ್ಪಿಕೊಂಡಿತು. ಕೆಲವರಿಗೆ ಮಾತ್ರ ಎಷ್ಟು ಒತ್ತಿದರೂ ಕೆಂಪು ದೀಪ. ಮೀನಿನ ತಲೆ ಕತ್ತರಿಸುವ ಹಳೆಯ ಹೆಂಗಸರು ಅವರು. ಅವರಲ್ಲಿ ತಾಮು ಹಿರಿಯಳು. ಹದಿನಾಲ್ಕನೇ ವಯಸ್ಸಿನಿಂದ ಅದೇ ಮೇಜಿನ ಮುಂದೆ ನಿಂತವಳು, ಬಾಯಿ ಕತ್ತರಿಗಿಂತ ಹರಿತ.

"ನೋಡು ಮಹ್ಜೂಬಣ್ಣ," ಎಂದು ಅವನ ಮೂಗಿನ ಮುಂದೆ ಬೆರಳು ಹಿಡಿದಳು. "ಉಪ್ಪುನೀರು ತಿಂದು ನುಣ್ಣಗಾಗಿದೆ. ಗೆರೆನೇ ಇಲ್ಲ. ನಾನು ಕಳ್ಳತನ ಮಾಡಿದ್ರೂ ಪೊಲೀಸ್ರಿಗೆ ಸಿಗಲ್ಲ."

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಸಾಲು ಬೀದಿಗೆ ಬೆಳೆದಿತ್ತು. ಒಳಗೆ ಮೇಸ್ತ್ರಿ ಕೂಗಾಡುತ್ತಿದ್ದ.

"ಹೋಗಕ್ಕ, ಒಳಗೆ ಹೋಗು, ಆಮೇಲೆ ನೋಡ್ತೀನಿ" ಎಂದ ಮಹ್ಜೂಬ್.

ಆಮೇಲೆ ನೋಡಿದ್ದು ಹೀಗೆ: ಕೆಲಸ ಬಿಡುವ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತು, ಬೆರಳು ಸಿಗದವರಿಗೆಲ್ಲ ತಾನೇ ಕೈಯಾರೆ ಹಾಜರಿ ಹಾಕಿದ. ಮರುದಿನವೂ ಹಾಗೆಯೇ. ಹದಿನೇಳು ಮಂದಿ. ವಿಸಾಲ್‌ಗೆ ಹೇಳಬೇಕೆಂದು ಎರಡು ಸಲ ಅವಳ ಬಾಗಿಲವರೆಗೆ ಹೋದ. ಒಂದು ಸಲ ಅವಳು ಫೋನಿನಲ್ಲಿ ಮಾಲೀಕರಿಗೆ, "ಒಂದೇ ಒಂದು ದೂರು ಬಂದಿಲ್ಲ ಸರ್" ಎನ್ನುತ್ತಿದ್ದಳು. ಅವನು ಬಂದ ಹೆಜ್ಜೆಯಲ್ಲೇ ಹಿಂದಿರುಗಿದ. ಇನ್ನೊಂದು ಸಲ ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಯಿತು. ತಿಂಗಳು ಕಳೆಯಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎನ್ನುತ್ತಾರೆ. ಸುಳ್ಳು ಹಾಜರಿ ಬರೆದವನೆಂದು ಹೊರಗೆ ಹಾಕುತ್ತಾರೆ. 

ಮೂರನೇ ತಿಂಗಳ ಒಂದು ಗುರುವಾರ, ದೋಣಿಗಳು ತುಂಬಿ ಬಂದಿದ್ದವು. ಹತ್ತೂವರೆಯ ಹೊತ್ತಿಗೆ ಶೀತಲಕೋಣೆಯ ಕಡೆಯಿಂದ ಏನೋ ಸಿಡಿದ ಸದ್ದಾಯಿತು. ಮರುಗಳಿಗೆ ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ. ಮೀನು ತಣ್ಣಗಿಡಲು ಬಳಸುವ ಅಮೋನಿಯಾ ಸೋರಿತ್ತು. ಕಣ್ಣಲ್ಲಿ ನೀರು ಸುರಿಯತೊಡಗಿತು. ಸೈರನ್ ಕೂಗಿತು. ಹೆಂಗಸರು ತಲೆವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ಗೇಟಿನಿಂದ ನುಗ್ಗಿ ಬಂದರು. ಹಿಂದೆ ಛಾವಣಿಯ ಸಂದುಗಳಿಂದ ಬಿಳಿಯ ಹೊಗೆ ಏಳುತ್ತಿತ್ತು.

ರಸ್ತೆಯಾಚೆ, ಗಾಳಿ ಬೀಸಿ ಬರುವ ಕಡೆಯ ಬಯಲಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಅಗ್ನಿಶಾಮಕದವರು ಬಂದರು. ದಪ್ಪ ಮೀಸೆಯ ಅಧಿಕಾರಿ ಕೇಳಿದ್ದು ಒಂದೇ ಮಾತು:

"ಒಳಗೆ ಎಷ್ಟು ಜನ ಇದ್ರು?"

ವಿಸಾಲ್ ಫೋನಿನ ಪರದೆ ನೋಡಿದಳು. ಅವಳ ತುಟಿ ಬಿಳಿಚಿತ್ತು. "ಇನ್ನೂರ ಹನ್ನೆರಡು."

ಮೇಸ್ತ್ರಿಗಳು ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಇನ್ನೂರ ಇಪ್ಪತ್ತೆಂಟು.

"ಹದಿನಾರು ಜಾಸ್ತಿ ಬರ್ತಿದೆ" ಎಂದಳು ವಿಸಾಲ್, ಪರದೆಯಿಂದ ಕಣ್ಣೆತ್ತದೆ.

"ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವೇನಮ್ಮ? ಕಮ್ಮಿ ಬಂದ್ರೆ ಹೆದರಬೇಕು. ಬೀದಿಯವರು ಯಾರೋ ಸೇರ್ಕೊಂಡಿರ್ತಾರೆ." ಅಧಿಕಾರಿ ತನ್ನವರ ಕಡೆ ತಿರುಗಿದ. "ಒಳಗೆ ಯಾರೂ ಇಲ್ಲ. ಬಾಗಿಲು ಹಾಕಿ, ಹೊರಗಿಂದ ನೀರು ಬಿಡಿ. ಗಾಳಿ ತಿಳಿಯಾಗೋವರೆಗೂ ಯಾರೂ ಹೋಗೋ ಹಾಗಿಲ್ಲ."

ಮಹ್ಜೂಬ್ ಮನಸ್ಸಿನಲ್ಲೇ ಕೂಡಿದ. ಇನ್ನೂರ ಹನ್ನೆರಡಕ್ಕೆ ಹದಿನೇಳು ಸೇರಿದರೆ ಇನ್ನೂರ ಇಪ್ಪತ್ತೊಂಬತ್ತು. ಸಾಲಿನುದ್ದಕ್ಕೂ ಆ ಹದಿನೇಳು ಮುಖ ಹುಡುಕಿದ. ರಹ್ಮಾ ಇದ್ದಳು, ಕುಂಟುವ ಹಾದ್ದಾ ಇದ್ದಳು, ಅಕ್ಕತಂಗಿಯರಿಬ್ಬರೂ ಇದ್ದರು. ಹದಿನಾರು ಸಿಕ್ಕಿತು. ತಾಮು ಇರಲಿಲ್ಲ.

ಮನೆಗೆ ಹೋಗಿರಬಹುದು ಎಂದುಕೊಂಡ. ಆದರೆ ಗೇಟಿನಲ್ಲಿ ಕೂತವನು ತಾನೇ. ತನ್ನ ಕಣ್ಣು ತಪ್ಪಿಸಿ ಅವಳು ಹೇಗೆ ಹೋದಾಳು? ಬಾಯಿ ಬಿಟ್ಟರೆ ಮೂರು ತಿಂಗಳ ಸುಳ್ಳು ಇಷ್ಟೂ ಜನರ ಮುಂದೆ ಬಯಲಾಗುತ್ತದೆ. ಒಂದು ಗಳಿಗೆ, ಒಂದೇ ಗಳಿಗೆ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಆ ಗಳಿಗೆಯ ಮಾತನ್ನು ಅವನು ಮುಂದೆ ಹೆಂಡತಿಯೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಎದುರಿಗೆ ಕಬ್ಬಿಣದ ಬಾಗಿಲು ಕಿರುಗುಟ್ಟುತ್ತ ಮುಚ್ಚಿಕೊಳ್ಳುತ್ತಿತ್ತು.

"ಒಬ್ಬಳು ಒಳಗಿದಾಳೆ" ಎಂದ. ಯಾರಿಗೂ ಕೇಳಿಸಲಿಲ್ಲ. ಹೋಗಿ ಅಧಿಕಾರಿಯ ತೋಳು ಹಿಡಿದ. "ಸ್ವಾಮಿ, ಒಬ್ಬಳು ಒಳಗಿದಾಳೆ. ಆ ಲೆಕ್ಕ ಸುಳ್ಳು. ಹದಿನೇಳು ಜನರ ಬೆರಳು ಯಂತ್ರಕ್ಕೆ ಸಿಗಲ್ಲ. ದಿನಾ ಸಾಯಂಕಾಲ ನಾನೇ ಬರೀತಿದ್ದೆ."

ವಿಸಾಲ್ ಅವನ ಮುಖವನ್ನೇ ನೋಡಿದಳು. ಅಧಿಕಾರಿ ಬೈಯುತ್ತ ಕೂರಲಿಲ್ಲ. "ಎಲ್ಲಿರ್ತಾಳೆ ಅವಳು?"

"ಉಪ್ಪು ತರ್ತೀನಿ ಅಂತ ಹೋದ್ಲು," ಎಂದಳು ಹಾದ್ದಾ ಅಳುತ್ತ. "ಹಿಂದಿನ ಉಪ್ಪಿನ ಕೋಣೆಗೆ. ಅವಳು ನಮಗಿಂತ ಮುಂದೆ ಬಂದಿದಾಳೆ ಅಂದ್ಕೊಂಡೆ."

ಮುಖವಾಡ ತೊಟ್ಟ ಇಬ್ಬರು ಒಳಗೆ ಹೋದರು. ಹನ್ನೊಂದು ನಿಮಿಷ. ಮಹ್ಜೂಬ್ ಅಷ್ಟು ಹೊತ್ತೂ ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದ, ಒಂದು ಹೆಸರೂ ಪೂರ್ತಿಯಾಗಿ ನೆನಪಾಗಲಿಲ್ಲ. ಆಮೇಲೆ ಅವರು ಅವಳನ್ನು ಹೊತ್ತು ತಂದರು. ತಾಮು ನೆಂದ ಏಪ್ರನ್ನನ್ನು ಮುಖಕ್ಕೆ ಸುತ್ತಿಕೊಂಡು ಮೂಲೆಯಲ್ಲಿ ಮುದುರಿದ್ದಳಂತೆ. ಬಾಗಿಲಾಚೆ ಹೊಗೆ ಕವಿದು ದಾರಿಯೇ ಕಂಡಿರಲಿಲ್ಲ. ಉಸಿರಿತ್ತು. ಗೊರಗೊರ ಎನ್ನುತ್ತಿತ್ತು, ಆದರೆ ಇತ್ತು.

ಮರುದಿನ ವಿಸಾಲ್ ಅವನನ್ನು ಕರೆಸಿದಳು. ಅವನು ಒಗೆದ ಜಿಲ್ಲಾಬ ನಿಲುವಂಗಿ ತೊಟ್ಟು, ಗೂಡಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋದ. ಕೇಳಿದ ಕೂಡಲೇ ಕೊಟ್ಟುಬಿಡೋಣವೆಂದು.

"ನನಗೆ ಯಾಕೆ ಹೇಳ್ಲಿಲ್ಲ, ಸೀ ಮಹ್ಜೂಬ್?"

"ಹೆದರಿಕೆ ಆಯ್ತು, ತಾಯಿ."

"ನನ್ನ ಕಂಡ್ರಾ?"

"ನಿಮ್ಮನ್ನ ಕಂಡ್ರೂ, ಆ ಪೆಟ್ಟಿಗೆ ಕಂಡ್ರೂ."

 ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. ಪ್ರತಿ ಸಂಜೆ ಅವನು ಕೈಯಾರೆ ಹಾಕಿದ ಹಾಜರಿಗಳೆಲ್ಲ ಅಲ್ಲಿ ಹಳದಿ ಬಣ್ಣದಲ್ಲಿದ್ದವು.

"ಇದು ನನಗೆ ಮೊದಲ ವಾರದಿಂದ ಕಾಣ್ತಿತ್ತು. ದಿನಾ ಹದಿನೇಳು. ಏನೂಂತ ಕೇಳ್ಲಿಲ್ಲ. ಯಂತ್ರ ಚೆನ್ನಾಗಿದೆ ಅಂತ ಮಾಲೀಕರ ಮುಂದೆ ಕೊಚ್ಚಿಕೊಂಡಿದ್ದೆ. ಕೇಳಿದ್ರೆ ಏನು ಗೊತ್ತಾಗಿಬಿಡತ್ತೋ ಅಂತ ನನಗೂ ಭಯ." ಅವಳು ಪರದೆ ಆರಿಸಿದಳು. "ನೀವು ಕೊನೇಗಾದ್ರೂ ಹೇಳಿದ್ರಿ."

ಮಾಲೀಕರು ಇಬ್ಬರಿಗೂ ಎಚ್ಚರಿಕೆಯ ಪತ್ರ ಕೊಟ್ಟರು. ಅವನ ಕೆಲಸ ಉಳಿಯಿತು. ವಿಸಾಲ್ ಈ ಸಲ ಹೊಸ ಯಂತ್ರ ಕೊಳ್ಳುವ ಮೊದಲು ಎಲ್ಲರನ್ನೂ ಕೇಳಿದಳು. ಮೂರು ದಿನ ಮೀನಿನ ಮೇಜುಗಳ ನಡುವೆ ಕೂತು ಹೆಂಗಸರ ಕೈ ನೋಡಿದಳು, ಮಹ್ಜೂಬನಿಂದ ಯಾರು ಯಾವಾಗ ಎಲ್ಲೆಲ್ಲಿ ಓಡಾಡುತ್ತಾರೆ ಎಂದು ಬರೆಸಿಕೊಂಡಳು. ಬೆರಳಿನ ಪೆಟ್ಟಿಗೆ ಹೋಯಿತು. ಪ್ರತಿಯೊಬ್ಬಳ ಕೊರಳಿಗೂ ಫೋಟೋ ಇರುವ ಕಾರ್ಡು ಬಂತು. ಗೇಟಿಗೆ ಮಾತ್ರವಲ್ಲ, ಶೀತಲಕೋಣೆಗೂ ಉಪ್ಪಿನ ಕೋಣೆಗೂ ಅದನ್ನು ತೋರಿಸಿಯೇ ಹೋಗಬೇಕು. ಯಾರು ಎಲ್ಲಿದ್ದಾರೆಂಬುದು ಗಾಜಿನ ಗೂಡಿನ ಪರದೆಯಲ್ಲಿ ಮೂಡುತ್ತದೆ. ಕಾರ್ಡು ಕೆಲಸ ಮಾಡದಿದ್ದರೆ ಆ ಗಳಿಗೆಯಲ್ಲೇ ಹೆಸರು ಸೇರಿಸುವ ಅಧಿಕಾರ ಮಹ್ಜೂಬನಿಗೆ. ಸಂಜೆಯವರೆಗೆ ಕಾಯುವಂತಿಲ್ಲ.

ತಾಮು ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದಳು, ಡಬ್ಬಿಗೆ ಚೀಟಿ ಅಂಟಿಸುವ ಕಡೆಗೆ. ದನಿ ಸರಿಯಾಗಲೇ ಇಲ್ಲ, ಪಿಸುಮಾತಷ್ಟೇ ಉಳಿಯಿತು. "ಮೊದಲು ನಿನ್ನ ಯಂತ್ರ ನನ್ನ ಬೆರಳು ತಿಂತು, ಆಮೇಲೆ ದನಿ ತಿಂತು" ಎಂದು ಅವನನ್ನು ಕಂಡಾಗಲೆಲ್ಲ ಪಿಸುಗುಟ್ಟುತ್ತಿದ್ದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ.

ಪ್ರತಿ ತಿಂಗಳ ಮೊದಲ ಸೋಮವಾರ ಈಗ ಅಭ್ಯಾಸಕ್ಕೆಂದು ಸೈರನ್ ಕೂಗಿಸುತ್ತಾರೆ. ಹೆಂಗಸರು ನಗುತ್ತ, ಹರಟುತ್ತ ಬಯಲಿಗೆ ಬಂದು ನಿಲ್ಲುತ್ತಾರೆ. ಅಭ್ಯಾಸವೆಂದು ಮಹ್ಜೂಬನಿಗೂ ಗೊತ್ತು. ಆದರೂ ಪರದೆಯ ಸಂಖ್ಯೆಯೂ ತಾನೆಣಿಸಿದ ತಲೆಗಳೂ ಸರಿಹೋಗುವವರೆಗೆ ಅವನು ಒಬ್ಬಳನ್ನೂ ಒಳಗೆ ಬಿಡುವುದಿಲ್ಲ.